ಮೇಸ್ತ್ರಿ ಹಾಕಿದ ನೆಲ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡೋಣ, ನಮ್ಮಪ್ಪನ ಗಂಟೇನು ಹೋಗುತ್ತದೆ. ಆದರೆ ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಇತ್ತು. 'ಇತ್ತು' ಅಂದರೂ ಸುಳ್ಳಾಗುತ್ತದೆ. ಆತ ಮಣ್ಣಾಗಿ ನಾಲ್ಕು ತಿಂಗಳಾಯಿತು, ನನ್ನ ಕಿಚ್ಚು ಇನ್ನೂ ಆರಿಲ್ಲ.

ನಾನು ಬಂಗಾರಪೇಟೆಯ ಬಡಗಿ. ನಮ್ಮಪ್ಪ, ಅವರಪ್ಪ, ಅವರ ಹಿಂದಿನವರು ಎಲ್ಲ ಉಳಿ ಹಿಡಿದೇ ಅನ್ನ ತಿಂದವರು. ಊರಿನಲ್ಲಿ ನನ್ನನ್ನು ಆಚಾರಿ ಅನ್ನುತ್ತಾರೆ. ಆತನ ಅಂಗಡಿ ಇದ್ದದ್ದು ಆಂಡರ್ಸನ್‌ಪೇಟೆಯಲ್ಲಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಹುಟ್ಟು ಬಡಗಿಯಲ್ಲ. ವಯಸ್ಸಿನಲ್ಲಿ ಮೈಸೂರು ಮೈನ್ಸಿನ ಚಿನ್ನದ ಗಣಿಯೊಳಗೆ ಇಳಿದು, ಬಂಡೆ ಕುಸಿಯದಂತೆ ಮರದ ದಿಮ್ಮಿಗಳನ್ನು ಒತ್ತುಕೊಟ್ಟು ನಿಲ್ಲಿಸುತ್ತಿದ್ದ. ಗಣಿ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಮರಗೆಲಸ ಹಿಡಿದ. ಹಾಗೆ ಹಿಡಿದವನನ್ನು ಜನ ಮೇಸ್ತ್ರಿ ಅಂತ ಕರೆದರು, ನಾಲ್ಕು ತಲೆಮಾರಿನ ನನ್ನನ್ನು ಬರಿಯ ಆಚಾರಿ ಅಂದರು. ಬಾಗಿಲು, ಕಿಟಕಿ, ಮಂಚ, ಅಡುಗೆಮನೆಯ ಕಪಾಟು ಇವೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಯಾರಾದರೂ ಮನೆಗೆ ಮರದ ನೆಲ ಹಾಕಿಸಬೇಕು ಅಂದರೆ ಸಾಕು, ನನ್ನ ಅಂಗಡಿಯ ಮುಂದೆಯೇ ಹಾದು ಆಂಡರ್ಸನ್‌ಪೇಟೆಗೆ ಹೋಗುತ್ತಿದ್ದರು. ಬೆಂಗಳೂರಿನ ಕಾರುಗಳು ನನ್ನ ಹತ್ತಿರ ನಿಲ್ಲಿಸಿ, "ಮರದ ನೆಲ ಹಾಕ್ತಾರಲ್ಲ, ಅವರ ಅಂಗಡಿ ಎಲ್ಲಿ?" ಅಂತ ನನ್ನನ್ನೇ ಕೇಳಿವೆ. ಎರಡು ಸಲ ತಪ್ಪು ದಾರಿ ತೋರಿಸಿದ್ದೇನೆ.

ನೋಡುವುದಕ್ಕೆ ಆತ ಏನೂ ಇರಲಿಲ್ಲ. ಐದಡಿ ದಾಟದ ಆಳು. ಆದರೂ ಯಾವ ಬಾಗಿಲಿಗೆ ಬಂದರೂ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದ. ಏಳಡಿ ಬಾಗಿಲಾದರೂ ಅಷ್ಟೆ. ಗಣಿಯ ಸುರಂಗದಲ್ಲಿ ಬಗ್ಗಿ ಬಗ್ಗಿ ಕತ್ತು ಹಾಗೇ ಕಲಿತುಬಿಟ್ಟಿತ್ತು. ಜನ ಅದನ್ನು ವಿನಯ ಅಂದುಕೊಂಡು ಕರಗಿಹೋಗುತ್ತಿದ್ದರು. ನನ್ನದು ಆರಡಿ ದೇಹ, ಬಗ್ಗಬೇಕಾದ ಕಡೆ ಬಗ್ಗದೆ ಹಣೆ ಒಡೆಸಿಕೊಂಡವನು. ನನಗೆ ಯಾರೂ ಕರಗಿದ್ದಿಲ್ಲ. ಇನ್ನೊಂದು, ಆತ ಹಲಗೆಯನ್ನು ಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದ. ಮರದ ಡಿಪೋದಲ್ಲಿ ನಾನು ಅದನ್ನು ನೋಡಿ ನಕ್ಕಿದ್ದೇನೆ. ಮನೆಗೆ ಬಂದು ಯಾರಿಗೂ ಕಾಣದಂತೆ ನಾನೂ ತಟ್ಟಿ ನೋಡಿದ್ದೇನೆ. ನನಗೆ ಟಕ್ ಅಂತ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಇಷ್ಟೇ ಆಗಿದ್ದರೆ ಕಸುಬುದಾರರ ನಡುವಿನ ಮಾಮೂಲಿ ಉರಿ ಅಂತ ಬಿಡಬಹುದಿತ್ತು. ಆದರೆ ಆತ ನನ್ನ ಮನೆಯೊಳಕ್ಕೇ ಬಂದ. ಅವನನ್ನು ಕರೆತಂದವಳು ನನ್ನ ಹೆಂಡತಿ ರತ್ನ.

ರತ್ನ ಮಾರಿಕುಪ್ಪಂ ಕಡೆಯವಳು. ಅವಳ ತಾಯಿ ಗಣಿಯ ಆಫೀಸರೊಬ್ಬರ ಬಂಗಲೆಯಲ್ಲಿ ಕಸಮುಸುರೆ ಮಾಡುತ್ತಿದ್ದರು. ಚಿಕ್ಕ ಹುಡುಗಿ ಜೊತೆಗೆ ಹೋಗಿ ಆ ಬಂಗಲೆಯ ಮರದ ನೆಲದ ಮೇಲೆ ಕೂತು ಆಡುತ್ತಿದ್ದಳಂತೆ. ಚಳಿಗಾಲದಲ್ಲೂ ಅದು ಬೆಚ್ಚಗೆ ಇರುತ್ತಿತ್ತಂತೆ. ಮದುವೆಯಾದ ಹೊಸದರಲ್ಲಿ ಇದನ್ನು ಹೇಳಿದಾಗ ನಾನು ಎದೆ ಉಬ್ಬಿಸಿ, "ಅಂಥಾದ್ದು ಹತ್ತು ನೆಲ ಹಾಕಿಕೊಡ್ತೀನಿ" ಅಂದಿದ್ದೆ. ಆಮೇಲೆ ಇವರ ಮನೆಯ ಕೆಲಸ, ಅವರ ಮನೆಯ ಕೆಲಸ. ಇಪ್ಪತ್ತೆಂಟು ವರ್ಷ ಹೋಯಿತು. ಹೋದ ವರ್ಷ ಮನೆ ರಿಪೇರಿಗೆ ಹಾಕಿ, ನಡುಮನೆಯ ಹಳೇ ಸಿಮೆಂಟು ನೆಲವನ್ನು ಅಗೆಸಿದೆವು. ರತ್ನಳಿಗೆ ಮಂಡಿನೋವು ಬೇರೆ ಶುರುವಾಗಿತ್ತು. ಟೈಲ್ಸ್ ಹಾಕಿಸಿ ಮುಗಿಸೋಣ ಅಂತ ನಾನು ಲೆಕ್ಕ ಹಾಕುತ್ತಿದ್ದಾಗ ಒಂದು ಮಧ್ಯಾಹ್ನ ಅವಳು ಹೇಳಿದಳು.

"ಆಂಡರ್ಸನ್‌ಪೇಟೆಗೆ ಓಗಿದ್ದೆ. ಮೇಸ್ತ್ರಿಗೆ ಏಳಿ ಬಂದಿದೀನಿ. ನಾಳೆ ಬತ್ತಾರೆ."

"ಯಾವ ಮೇಸ್ತ್ರಿ?"

"ಇನ್ನೆಷ್ಟು ಜನ ಮೇಸ್ತ್ರಿ ಅವ್ರೆ?"

"ನಾನೇನು ಸತ್ತೋಗಿದೀನೇನೆ? ಬಡಗಿ ಮನೆಗೆ ಇನ್ನೊಬ್ಬ ಬಡಗಿ ಬಂದ್ರೆ ಊರೆಲ್ಲ ಏನನ್ನುತ್ತೆ?"

"ಊರ್ನೋರ ಮನೆಗೆಲ್ಲ ಮಾಡಿದ್ರಿ. ನನಗೆ ಮಾತ್ರ ಮಾಡ್ತೀನಿ, ಮಾಡ್ತೀನಿ ಅಂದ್ರಿ. ನನ್ ಮಂಡಿ ಅಷ್ಟು ದಿನ ಕಾಯಲ್ಲ ಕಣ್ರೀ. ನನ್ ಚೀಟಿ ದುಡ್ಡದೆ, ನಾನು ಆಕಿಸ್ಕೊಂತೀನಿ."

ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ನನ್ನ ಕೈಹಿಡಿದವಳೇ ನನ್ನ ಕೈಗಿಂತ ಅವನ ಕೈಯನ್ನು ನಂಬಿದಳು. ಇದೊಂದು ತುತ್ತು ನನಗೆ ನುಂಗುವುದಕ್ಕೂ ಆಗಲಿಲ್ಲ, ಉಗಿಯುವುದಕ್ಕೂ ಆಗಲಿಲ್ಲ.

ಮಾರನೆಯ ದಿನ ಆತ ಬಂದ. ತಲೆ ಬಗ್ಗಿಸಿ ಒಳಗೆ ಬಂದು, ಚಪ್ಪಲಿ ಬಿಟ್ಟು, ಅಗೆದ ನೆಲದ ಮೇಲೆ ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದ. ಟೇಪು ತೆಗೆಯಲಿಲ್ಲ, ಪೆನ್ಸಿಲ್ ತೆಗೆಯಲಿಲ್ಲ. ಯಾವ ಮರ, ಯಾವ ಬಣ್ಣ, ಎಷ್ಟು ಅಗಲ, ಒಂದೂ ಕೇಳಲಿಲ್ಲ. ಆರ್ಡರ್ ತೆಗೆದುಕೊಳ್ಳುವುದು ಹೀಗೇನಾ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಆಗ ಆತ ನನ್ನ ಕಡೆ ತಿರುಗಿ ಕೈಮುಗಿದ.

"ಸಾಮಿ, ತಪ್ಪು ತಿಳೀಬ್ಯಾಡಿ. ನೀವು ಒಸಿ ಆಚೆ ಇರಿ. ಅಮ್ಮನ್ನ ಒಂದು ಮಾತು ಕೇಳ್ಬೇಕು."

ನನ್ನ ಮನೆಯಿಂದ ನನ್ನನ್ನೇ ಆಚೆಗೆ ಕಳಿಸಿದ. ನುಗ್ಗೆ ಮರದ ಕೆಳಗೆ ನಿಂತು ಕಿಟಕಿಯಿಂದ ನೋಡಿದೆ. ಆತ ಏನೋ ಕೇಳಿದ. ರತ್ನ ಮೊದಲು ನಕ್ಕಳು. ಆಮೇಲೆ ನೆಲ ನೋಡುತ್ತಾ ನಿಂತಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮೆಲ್ಲಗೆ ಏನೋ ಹೇಳಿದಳು. ಆತ "ಸರಿಂಗಮ್ಮಾ" ಅಂತ ತಲೆ ಆಡಿಸಿದ. ನನ್ನ ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ ಗೊತ್ತಿಲ್ಲ.

"ಏನೇ ಕೇಳಿದ ಅವನು?" ಅಂದೆ ಆತ ಹೋದ ಮೇಲೆ.

"ಏನೂ ಇಲ್ಲ. ನೆಲದ ವಿಚಾರ."

"ನೆಲದ ವಿಚಾರಕ್ಕೆ ನಾನ್ಯಾಕೆ ಆಚೆ ಓಗ್ಬೇಕು?"

"ಅಯ್ಯ, ಬಿಡಿ ಅತ್ಲಾಗೆ" ಅಂತ ಒಳಗೆ ಹೋದಳು. ಆಮೇಲೆ ನಾನೂ ಕೇಳಲಿಲ್ಲ. ಕೇಳಿದರೆ ನನ್ನ ಉರಿ ಅವಳಿಗೆ ಗೊತ್ತಾಗುತ್ತದಲ್ಲ ಅಂತ ಬಿಗುಮಾನ. ಆದರೆ ಅವನು ಏನು ಕೇಳಿದ, ಇವಳು ಏನು ಹೇಳಿದಳು ಅನ್ನುವುದು ಮುಳ್ಳು ಮುರಿದ ಹಾಗೆ ಒಳಗೇ ಉಳಿಯಿತು.

ಒಂದು ವಾರದಲ್ಲಿ ಹಲಗೆ ಬಂತು. ಹಳೇ ಬಂಗಲೆಯೊಂದನ್ನು ಬಿಚ್ಚಿದಾಗ ಹರಾಜಿನಲ್ಲಿ ಹಿಡಿದ ತೇಗ, ಒಳ್ಳೇ ಮರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆತ ಹೊಡೆದು ಕೂರಿಸಲಿಲ್ಲ. ನಡುಮನೆಯಲ್ಲಿ ಹಲಗೆಗಳನ್ನು ಸುಮ್ಮನೆ ಹಾಸಿಟ್ಟು, ಮೂರು ವಾರ ಹೀಗೇ ಇರಲಿ, ಇದರ ಮೇಲೇ ಓಡಾಡಿ, ಮರ ಮನೆಗೆ ಒಗ್ಗಬೇಕು ಅಂದ. ಮರ ಒಣಗಿ ಹದಕ್ಕೆ ಬರಲಿ ಅಂತ ನಾವೂ ಬಿಡುತ್ತೇವೆ, ಅದೇನು ದೊಡ್ಡ ವಿದ್ಯೆಯಲ್ಲ. ನನಗೆ ಸೇರದೆ ಹೋದದ್ದು ಬೇರೆ. ಆ ಮೂರು ವಾರ ಆತ ದಿನ ಬಿಟ್ಟು ದಿನ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದ. ಕೆಲಸವೇನೂ ಇಲ್ಲ. ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ರತ್ನ ಕೊಟ್ಟ ಟೀ ಕುಡಿಯುತ್ತಾ, ನಾವು ಒಳಗೂ ಹೊರಗೂ ತಿರುಗಾಡುವುದನ್ನು ನೋಡುತ್ತಿದ್ದ. ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದೆ.

"ಏನ್ ಮೇಸ್ತ್ರಿ, ಅಂಗಡೀಲಿ ಕೆಲಸ ಇಲ್ವಾ?"

"ಇದೇ ಕೆಲಸ ಸಾಮಿ" ಅಂದ. ನಗಲೂ ಇಲ್ಲ.

ನೆಲ ಕೂರಿಸುವ ವಾರ ನಾನು ಅಂಗಡಿ ಮುಚ್ಚಿ ಮನೆಯಲ್ಲೇ ಇದ್ದೆ. ಕಲಿಯುವುದಕ್ಕಲ್ಲ, ತಪ್ಪು ಹಿಡಿಯುವುದಕ್ಕೆ. ನನಗೆ ಸಿಳ್ಳೆ ಹೊಡೆಯುವ ಚಟ. ಆತ ಹಲಗೆಯ ಮೇಲೆ ಮಂಡಿಯೂರಿ ಕೂತಿದ್ದವನು ಕೈ ಎತ್ತಿ ತಡೆದ.

"ಸಾಮಿ, ಸಿಳ್ಳೆ ಬ್ಯಾಡ."

"ಯಾಕೆ, ನಿಮ್ ಮರಕ್ಕೆ ನಾಚ್ಕೆ ಆಗ್ತದಾ?"

"ಗಣಿ ಒಳ್ಗೆ ಯಾರೂ ಸಿಳ್ಳೆ ಒಡೆಯಂಗಿಲ್ಲ. ಒಡೆದ್ರೆ ಮರದ ಮಾತು ಕೇಳ್ಸಲ್ಲ." ಸುತ್ತಿಗೆ ಕೆಳಗಿಟ್ಟು ಹೇಳಿದ. "ಮೇಲ್ಗಡೆ ಬಂಡೆ ಬಾರ ಆಕಿದ್ರೆ ದಿಮ್ಮಿ ಮೊದಲು ಕಿರ್ ಅಂತದೆ. ಆಮೇಲೆ ಟಕ್ ಅಂತದೆ. ಕಿರ್ ಅಂದಾಗ ಓಡಿದ್ರೆ ಪ್ರಾಣ ಉಳೀತು. ಮರಂ ಪೇಸುಂ ಸಾಮಿ, ಮರ ಮಾತಾಡ್ತದೆ. ಕಬ್ಬಿಣ ಮಾತಾಡಲ್ಲ, ಸುಮ್ನೆ ಬಿದ್ದೋಗ್ತದೆ."

ಮಾತು ಚೆನ್ನಾಗಿತ್ತು. ಅದಕ್ಕೇ ನನಗೆ ಇನ್ನೂ ಕೋಪ ಬಂತು. ಒಳಗಿನಿಂದ ರತ್ನ ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು. ನಾನು ಮರದ ಬಗ್ಗೆ ಹೇಳಿದರೆ ಅವಳು ಎಂದಾದರೂ ಸಾರಿಗೆ ಹುಳಿ ಹಿಂಡುವುದನ್ನು ನಿಲ್ಲಿಸಿ ಕೇಳಿದ್ದಾಳೆಯೇ?

ನೆಲ ಮುಗಿಯಿತು. ಹೇಗಿತ್ತು ಅಂತ ಕೇಳಬೇಡಿ. ಎರಡು ಹಲಗೆಯ ನಡುವೆ ಕೂದಲು ತೂರಿಸುವುದಕ್ಕೆ ಜಾಗವಿರಲಿಲ್ಲ. ರತ್ನ ಮೊದಲ ದಿನ ಅದರ ಮೇಲೆ ಕಾಲು ಚಾಚಿ ಕೂತು, ಅಂಗೈಯಿಂದ ಸವರುತ್ತಾ ಇದ್ದಳು. ನಾನು ರಸಮಟ್ಟ ಹಿಡಿದು ಮೂಲೆ ಮೂಲೆಗೆ ಹೋಗಿ, "ಇಲ್ಲಿ ನೂಲೆಳೆ ಇಳಿದದೆ" ಅಂದೆ. ಅವಳು ತಲೆಯೆತ್ತದೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದಳು.

ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು. ನಾನು ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬರುವವನು. ಬಂದೆ ಅಂತ ಕೂಗುವ ಅಭ್ಯಾಸವಿಲ್ಲ. ಬಂದು ಗೋಡೆಯ ಪಕ್ಕದ ನನ್ನ ಜಾಗದಲ್ಲಿ ಕೂರುತ್ತೇನೆ. ರತ್ನ ಹಿಂದುಗಡೆ ಅಡುಗೆಮನೆಯಲ್ಲೋ ಬಚ್ಚಲಲ್ಲೋ ಇರುತ್ತಾಳೆ, ಅವಳಿಗೆ ಗೊತ್ತಾಗುವುದಿಲ್ಲ. ಅವಳಾಗಿ ಬಂದು ನೋಡಲಿ ಅಂತ ನಾನು ಕಾಯುತ್ತೇನೆ. ಕಾದಷ್ಟೂ ಕೋಪ ಏರುತ್ತದೆ. ಕೊನೆಗೆ, "ಬಂದು ಎಷ್ಟೊತ್ತಾಯ್ತು ಗೊತ್ತಾ? ಮನೇಲಿ ಮನುಷ್ಯರಿದೀರಾ ಇಲ್ವಾ?" ಅಂತ ಗುಡುಗುತ್ತೇನೆ. ಮದುವೆಯಾದಾಗಿನಿಂದ ವಾರಕ್ಕೆ ನಾಲ್ಕು ದಿನ ನಮ್ಮ ಮನೆಯ ಮಧ್ಯಾಹ್ನ ಹೀಗೇ ಕಳೆದಿದೆ. ಹೊಸ ನೆಲ ಹಾಕಿದ ಮೇಲೆ ಅದು ನಿಂತೇಹೋಯಿತು. ನಾನು ಕೂರುವಷ್ಟರಲ್ಲಿ ತಟ್ಟೆ ಬರುತ್ತಿತ್ತು, ಮುದ್ದೆ ಬಿಸಿಯಾಗಿರುತ್ತಿತ್ತು. ರತ್ನಳ ಮುಖವೂ ತಿಳಿಯಾಗಿತ್ತು. ಮೇಸ್ತ್ರಿಯ ನೆಲ ಇವಳನ್ನು ಇಷ್ಟು ಖುಷಿಪಡಿಸಿತಲ್ಲ ಅಂತ ಆ ಬಿಸಿ ಮುದ್ದೆಯೂ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೀಗಿರುವಾಗ ನನಗೆ ಆ ಹಲಗೆ ಸಿಕ್ಕಿತು. ಬಾಗಿಲಿನಿಂದ ನನ್ನ ಜಾಗಕ್ಕೆ ಹೋಗುವ ದಾರಿಯಲ್ಲಿ, ಗೋಡೆಯಿಂದ ನಾಲ್ಕನೆಯದು. ಕಾಲಿಟ್ಟರೆ ಕಿರ್ ಅನ್ನುತ್ತಿತ್ತು. ಇಷ್ಟು ದಿನ ನನ್ನ ಕಿವಿಗೆ ಅದು ಹೇಗೆ ಬೀಳಲಿಲ್ಲವೋ. ಮತ್ತೆ ಕಾಲಿಟ್ಟೆ, ಮತ್ತೆ ಕಿರ್. ನನಗಾದ ಸಂತೋಷ ಹೇಳತೀರದು. ಮೇಸ್ತ್ರಿಯ ನೆಲ ಕಿರುಗುಟ್ಟುತ್ತದೆ ಅಂತ ಬಂಗಾರಪೇಟೆಯಲ್ಲಿ ನನಗೆ ಗೊತ್ತಿದ್ದವರಿಗೆಲ್ಲ ಹೇಳಿದೆ. ಮರದ ಡಿಪೋದಲ್ಲಿ ಹೇಳಿದೆ. ಪಾನಿಪೂರಿ ಗಾಡಿಯ ಹತ್ತಿರ ಗುರುತಿಲ್ಲದವರಿಗೂ ಹೇಳಿದೆ. ಆಮೇಲೆ ಒಂದು ಭಾನುವಾರ ಆ ಹಲಗೆಗೆ ಕೆಳಗಿನ ಮರದ ಪಟ್ಟಿಯವರೆಗೂ ಹೋಗುವಂತೆ ಆರು ಸ್ಕ್ರೂ ಬಿಗಿದು, ತಲೆ ಮುಚ್ಚಿ, ಮರದ ಬಣ್ಣಕ್ಕೇ ಬಣ್ಣ ಕೂಡಿಸಿ, ರತ್ನಳನ್ನು ಕರೆದೆ.

"ನೋಡು, ನಿನ್ನ ಮೇಸ್ತ್ರಿ ಕೆಲಸ. ಕಿರ್ ಅಂತಿತ್ತು. ನಾನು ಸರಿ ಮಾಡ್ದೆ."

ಅವಳು ಹಲಗೆ ನೋಡಿದಳು, ನನ್ನನ್ನು ನೋಡಿದಳು. "ಸರಿ ಬಿಡಿ" ಅಂದಳು. ಅಷ್ಟೇ. ಒಳಗೆ ಹೋಗಿ ಪಾತ್ರೆ ತೊಳೆಯುವುದಕ್ಕೆ ಕೂತಳು. ಅವಳಿಗೆ ಮುಖಭಂಗವಾಯಿತು ಅಂತ ನಾನು ತಿಳಿದುಕೊಂಡೆ. ಆ ವಾರವೇ ನಾನು ಮತ್ತೆ ಮಧ್ಯಾಹ್ನ ಕಾದು ಕೂತು ಗುಡುಗಿದೆ.

ಮಳೆಗಾಲ ಕಳೆದ ಮೇಲೆ ಮೇಸ್ತ್ರಿ ಬಂದ. ಹಾಕಿದ ನೆಲವನ್ನು ಒಂದು ಮಳೆಗಾಲ ಮುಗಿದ ಮೇಲೆ ಬಂದು ನೋಡಿ ಹೋಗುವುದು ಆತನ ರೂಢಿ. ಬಗ್ಗಿ ಒಳಗೆ ಬಂದು, ಬರಿಗಾಲಲ್ಲಿ ನಡೆದು, ನಾಲ್ಕನೆಯ ಹಲಗೆಯ ಮೇಲೆ ನಿಂತ. ಹಿಮ್ಮಡಿ ಒತ್ತಿದ. ಇನ್ನೊಂದು ಸಲ ಒತ್ತಿದ. ಕೂತು ಬೆರಳಿನಿಂದ ಸವರಿ, ನಾನು ಮುಚ್ಚಿದ ಆರು ಸ್ಕ್ರೂಗಳ ಜಾಗವನ್ನೂ ಒಂದೊಂದಾಗಿ ಮುಟ್ಟಿದ. ನಾನು ಮೀಸೆ ತಿರುವುತ್ತಾ ನಿಂತಿದ್ದೆ.

"ನೀವಾ ಸಾಮಿ?"

"ನಾನೇ. ಕಿರ್ ಅಂತಿತ್ತು."

ಆತ ರತ್ನಳ ಕಡೆ ನೋಡಿದ. ಅವಳು ಬೇಡ ಅನ್ನುವಂತೆ ಸಣ್ಣಗೆ ತಲೆ ಆಡಿಸಿದಳು. ಅದು ನನಗೆ ಕಂಡಿತು. ಅವರಿಬ್ಬರಿಗೂ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಇನ್ನೂ ಏನೋ ಇದೆ ಅನ್ನಿಸಿ ಮೈ ಉರಿದುಹೋಯಿತು.

"ಒಳ್ಳೆ ಕೆಲಸ ಸಾಮಿ. ಗಟ್ಟಿ ಆಗದೆ. ಕೈ ಚೆನ್ನಾಗದೆ" ಅಂದ. ಟೀ ಕುಡಿದು, ತಲೆ ಬಗ್ಗಿಸಿ ಹೊರಗೆ ಹೋದ. ಸೋತ ಅಂದುಕೊಂಡೆ. ಅವತ್ತು ಅಂಗಡಿಯಲ್ಲಿ ಸಂಜೆಯವರೆಗೂ ಸಿಳ್ಳೆ ಹೊಡೆದೆ.

ಆತ ತೀರಿಹೋದದ್ದು ಅದಾದ ಎರಡು ತಿಂಗಳಿಗೆ. ಗಣಿಯ ದೂಳು ಎದೆಯಲ್ಲಿ ಕೂತಿತ್ತಂತೆ. ಮಣ್ಣಿಗೆ ನಾನು ಹೋಗಲಿಲ್ಲ. ಹದಿನಾರನೆಯ ದಿನದ ಕಾರ್ಯಕ್ಕೆ ರತ್ನ ಹೊರಟು ನಿಂತಳು, ಅವಳ ಮಂಡಿ ಆಟೋ ಹತ್ತಲು ಬಿಡಲಿಲ್ಲ. "ನೀವಾದ್ರೂ ಓಗಿ ಬನ್ನಿ, ಋಣ" ಅಂದಳು. ಹೋದೆ. ಆತನ ಮನೆಯಲ್ಲಿ ಇದ್ದದ್ದು ಬರಿಯ ಸಿಮೆಂಟು ನೆಲ, ಅದೂ ಬಿರುಕು ಬಿಟ್ಟದ್ದು. ನೋಡಿ ನನಗೆ ಒಂದು ಗಳಿಗೆ ಸಮಾಧಾನವಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಊಟಕ್ಕೆ ಕೂತಾಗ ನನ್ನ ಪಕ್ಕದಲ್ಲಿ ರಿಟೈರಾದ ಟೀಚರಮ್ಮ ಒಬ್ಬರಿದ್ದರು. ನಾನು ಬಡಗಿ ಅಂತ ಗೊತ್ತಾಗಿ, ನಿಮ್ಮ ಮನೆಗೂ ಮೇಸ್ತ್ರಿಯೇ ನೆಲ ಹಾಕಿದರಾ ಅಂದರು. ಹೂಂ ಅಂದೆ.

"ನಿಮ್ಮನ್ನ ಕೇಳಿದ್ರಾ, ಯಾರ ಹೆಜ್ಜೆ ಕೇಳಿಸ್ಬೇಕು ಅಂತ?"

"ಏನಂದ್ರಿ?"

"ಎಲ್ಲರನ್ನೂ ಕೇಳ್ತಿದ್ರಲ್ಲ. ಮನೇಲಿ ಯಾರ ಹೆಜ್ಜೆ ನಿಮಗೆ ಕೇಳಿಸ್ಬೇಕು ಅಂತ ಕೇಳಿ, ಅವರು ಕಾಲಿಡೋ ಜಾಗ ನೋಡ್ಕೊಂಡು ಒಂದು ಹಲಗೇನ ಮಾತಾಡೋ ಹಾಗೆ ಬಿಡ್ತಿದ್ರು. ನನಗೆ ನನ್ನ ತಮ್ಮಂದು ಬೇಕು ಅಂದೆ. ಅವನಿಗೆ ಕಣ್ಣು ಮಂಜು, ಎದ್ದು ಓಡಾಡಿದ್ರೆ ನನಗೆ ಗೊತ್ತಾಗ್ಬೇಕು."

ಎದುರಿನ ಸಾಲಿನಲ್ಲಿ ಕೂತಿದ್ದ ಒಬ್ಬ ರೈತ, "ನಮ್ಮನೇಲಿ ಮಗಳ್ದು" ಅಂದ. ನನ್ನ ಎಲೆಯ ಮೇಲೆ ಪಾಯಸ ಹರಿದು ಅನ್ನಕ್ಕೆ ಸೇರಿತು. ನಾಲ್ಕನೆಯ ಹಲಗೆ, ಬಾಗಿಲಿನಿಂದ ನನ್ನ ಜಾಗಕ್ಕೆ. ಆ ದಾರಿಯಲ್ಲಿ ನಮ್ಮ ಮನೆಯಲ್ಲಿ ಇನ್ಯಾರೂ ಕಾಲಿಡುವುದಿಲ್ಲ.

ಮನೆಗೆ ಬಂದಾಗ ರತ್ನ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕೂತೆ.

"ಅವತ್ತು ಮೇಸ್ತ್ರಿಗೆ ಏನಂದೆ?"

ಅವಳಿಗೆ ಅರ್ಥವಾಯಿತು. ಕಾಯಿ ಬಿಡಿಸುತ್ತಲೇ ಹೇಳಿದಳು. "ನಮ್ಮನೆಯವ್ರ ಎಜ್ಜೆ ಅಂದೆ. ಬಂದ್ರೂ ಗೊತ್ತಾಗಲ್ಲ, ಓದ್ರೂ ಗೊತ್ತಾಗಲ್ಲ. ಬಂದ್ರು ಅಂತ ಗೊತ್ತಾದ್ರೆ ಸಾಕು ನನಗೆ ಅಂದೆ."

"ಮತ್ತೆ ನಾನು ಸ್ಕ್ರೂ ಬಿಗಿದಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಅಷ್ಟು ಕುಶಿಯಾಗಿದ್ರಿ. ನಿಮ್ ಕೈಲಿ ಮನೆಗೆ ಅಂತ ಮಾಡಿದ್ದು ಅದೊಂದೇ ಕೆಲಸ. ಎಂಗೆ ಬ್ಯಾಡ ಅನ್ಲಿ?"

ಮಾರನೆಯ ದಿನ ಅಂಗಡಿ ತೆಗೆಯಲಿಲ್ಲ. ಆರು ಸ್ಕ್ರೂ ಬಿಚ್ಚಿದೆ. ಹಲಗೆ ಸುಮ್ಮನಿತ್ತು. ಎತ್ತಿ ನೋಡಿದರೆ ಆತ ಒಂದು ತುದಿಯ ಮೊಳೆಯನ್ನು ಪೂರಾ ಹೊಡೆದು ಇಳಿಸದೆ, ಮರ ಅದರ ಮೈಗೆ ಉಜ್ಜುವಷ್ಟು ಸಡಿಲ ಬಿಟ್ಟಿದ್ದ. ನನ್ನ ಸ್ಕ್ರೂಗಳು ಆ ಹದವನ್ನು ಕೆಡಿಸಿದ್ದವು. ಮೊಳೆ ಬದಲಾಯಿಸಿದೆ, ಅಂಚು ಕೆತ್ತಿದೆ, ಕೆಳಗೆ ಬೆಣೆ ಕೊಟ್ಟೆ, ಬೆಣೆ ತೆಗೆದೆ. ಮೂರು ದಿನ ಹೆಣಗಿದೆ. ಅಲ್ಲಾಡಿತು, ತಟ್ಟಿತು, ಒಂದು ಸಲವೂ ಕಿರ್ ಅನ್ನಲಿಲ್ಲ. ಮರದ ಬಾಯಿ ಮುಚ್ಚಿಸುವುದನ್ನೇ ನಲವತ್ತು ವರ್ಷ ಕಲಿತವನು ನಾನು. ಮಾತಾಡಿಸುವುದು ಹೇಗೆ ಅಂತ ಕೇಳಿಕೊಂಡು ಬರೋಣ ಅಂದರೆ, ಹೇಳುವವನು ಮಣ್ಣಿನ ಕೆಳಗಿದ್ದಾನೆ. ನಾಲ್ಕನೆಯ ದಿನ ಹಲಗೆಯನ್ನು ಹಾಗೇ ಕೂರಿಸಿದೆ.

ಈಗಲೂ ಮಧ್ಯಾಹ್ನ ಒಂದೂವರೆಗೆ ಬರುತ್ತೇನೆ. ಬಾಗಿಲು ದಾಟಿ ಆ ಹಲಗೆಯ ಮೇಲೆ ಕಾಲಿಟ್ಟು ನಿಲ್ಲುತ್ತೇನೆ. ಅದು ಏನೂ ಅನ್ನುವುದಿಲ್ಲ. ನಾನೇ, "ಬಂದೆ ಕಣೇ" ಅನ್ನುತ್ತೇನೆ. ಮೊದಲ ದಿನ ಎರಡು ಸಲ ಕೆಮ್ಮಬೇಕಾಯಿತು. ಒಳಗಿನಿಂದ ಅವಳು, "ಕೇಳಿಸ್ತು, ಕೈ ತೊಳ್ಕಳಿ" ಅನ್ನುತ್ತಾಳೆ. ಈ ಎರಡು ಮಾತು ನನ್ನ ಬಾಯಿಂದ ಬರುವುದಕ್ಕೆ ಅರವತ್ತು ವರ್ಷ ಹಿಡಿಯಿತು. ಆತ ಅದನ್ನು ಒಂದು ಸಡಿಲ ಮೊಳೆಯಲ್ಲಿ ಆಡಿಸಿಬಿಟ್ಟಿದ್ದ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ ಹೇಳಿ.